ಬೊಲೆರೊ ಪಿಕಪ್ ಎಂಜಿನ್ ಕೆಲಸ: ರಿಂಗ್ ಸಾಕೋ, ಫುಲ್ ಇಳಿಸಬೇಕೋ?

ಗಾಡಿ: ಮಹೀಂದ್ರ ಬೊಲೆರೊ ಪಿಕಪ್, 2523 ಸಿಸಿ ಡಿಐ ಟರ್ಬೊ, ನಾಲ್ಕು ಸಿಲಿಂಡರ್, ಬೋರ್ (ಸಿಲಿಂಡರಿನ ಒಳ ಅಗಲ) 88.9 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಏರಿಳಿಯುವ ದೂರ) 101.6 ಮಿ.ಮೀ. ಕಾಮನ್ ರೈಲ್ (ಎಲೆಕ್ಟ್ರಾನಿಕ್ ಹಿಡಿತದ ಹೊಸ ಡೀಸೆಲ್ ವ್ಯವಸ್ಥೆ) ಅಲ್ಲ, ಹಳೆಯ ಮೆಕ್ಯಾನಿಕಲ್ ಡೀಸೆಲ್ ಪಂಪ್. ಮೀಟರಿನಲ್ಲಿ 2,86,000 ಕಿ.ಮೀ. ಓಡಾಟ ಚಿಕ್ಕಬಳ್ಳಾಪುರದ ಕಡೆ, ಅರ್ಧ ಕ್ರಷರ್ ರಸ್ತೆ, ಅರ್ಧ ತರಕಾರಿ ಲೋಡ್. 2,40,000ದ ಆಸುಪಾಸಿನಲ್ಲಿ ಬೇರೆ ಕಡೆ ಒಮ್ಮೆ ರಿಂಗ್ (ಪಿಸ್ಟನ್ ಸುತ್ತ ಕೂತು ಗಾಳಿ, ಆಯಿಲ್ ತಡೆಯುವ ಬಳೆ) ಹಾಕಿಸಲಾಗಿದೆ.

ದೂರು: ಸಾವಿರ ಕಿಲೋಮೀಟರಿಗೆ ಎರಡು ಲೀಟರ್‌ವರೆಗೆ ಆಯಿಲ್ ಕುಡಿಯುತ್ತದೆ, ಏರು ಸಿಕ್ಕರೆ ಪಿಕಪ್ ಇಲ್ಲ, ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿನಿಂದ ಹೊಗೆ, ಬೆಳಗ್ಗೆ ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಇಳಿಯುತ್ತದೆ. ಎಂಜಿನ್ ಮುಂಭಾಗದ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟ್) ಆಯಿಲ್ ಸೀಲನ್ನು ಈಗಾಗಲೇ ಎರಡು ಸಲ ಬದಲಿಸಿದ್ದಾರೆ, ಆದರೂ ಸೋರಿಕೆ ನಿಂತಿಲ್ಲ. ನಿಲ್ಲುವುದೂ ಇಲ್ಲ. ಚೇಂಬರ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಒಳಗೆ ಗಾಳಿ ಒತ್ತುತ್ತಿದ್ದರೆ ಎಷ್ಟು ಒಳ್ಳೆಯ ಸೀಲ್ ಹಾಕಿದರೂ ಆಯಿಲ್ ಹೊರಗೆ ಬರುತ್ತದೆ.

ಇಂಥ ಗಾಡಿ ಬಂದರೆ ಸಾಮಾನ್ಯವಾಗಿ ಕೇಳಿಬರುವುದು ಎರಡೇ ಮಾತು: ‘ರಿಂಗ್ ಹಾಕಿಬಿಡೋಣ’ ಅಥವಾ ‘ಫುಲ್ ಎಂಜಿನ್ ಇಳಿಸೋಣ’. ಎರಡನ್ನೂ ಅಳತೆ ಹಿಡಿಯದೆಯೇ ಹೇಳುತ್ತಾರೆ. ಕೆಳಗಿನದು ಅಳತೆ ಹಿಡಿದು ತೀರ್ಮಾನಕ್ಕೆ ಬಂದ ದಾಖಲೆ.

ಹಂತ 1: ಸ್ಪ್ಯಾನರ್ ಮುಟ್ಟುವ ಮೊದಲು

ಎಂಜಿನ್ ಬಿಸಿ ಮಾಡಿ, ಐಡಲ್‌ನಲ್ಲಿ ಬಿಟ್ಟು, ಆಯಿಲ್ ಹಾಕುವ ಮುಚ್ಚಳ ತೆಗೆದು ತಲೆಕೆಳಗಾಗಿ ಬಾಯಿಯ ಮೇಲೆ ಇಡಿ. ಸ್ವಲ್ಪ ಅಲುಗಿದರೆ ಚಿಂತೆ ಇಲ್ಲ. ಇಲ್ಲಿ ಕುಣಿದು ಕೆಳಗೆ ಬಿತ್ತು. ಬ್ಯಾಕ್ ಕಂಪ್ರೆಷನ್, ಅಂದರೆ ಚೇಂಬರ್ ಒಳಗೆ ಗಾಳಿಯ ಒತ್ತಡ, ಇದೆ ಎನ್ನುವುದು ಖಚಿತ, ಆದರೆ ಅದು ರಿಂಗ್‌ನದೇ ಎಂದು ಇಷ್ಟಕ್ಕೇ ಹೇಳಲು ಬರುವುದಿಲ್ಲ. ಚೇಂಬರಿಗೆ ಗಾಳಿ ತುಂಬುವ ದಾರಿ ಇನ್ನೆರಡಿವೆ, ಅವನ್ನು ಯಾರೂ ನೋಡುವುದಿಲ್ಲ.

ಒಂದು, ಆಲ್ಟರ್ನೇಟರ್ ಹಿಂದಿನ ವ್ಯಾಕ್ಯೂಮ್ ಪಂಪ್. ಬ್ರೇಕ್ ಬೂಸ್ಟರಿಗೆ ಹೋಗುವ ಹೋಸ್ ಎಲ್ಲಾದರೂ ಒಡೆದಿದ್ದರೆ ಪಂಪ್ ಹೊರಗಿನ ಗಾಳಿಯನ್ನು ಎಳೆದು ಆಯಿಲ್ ವಾಪಸ್ ಪೈಪಿನ ಮೂಲಕ ಚೇಂಬರಿಗೇ ಬಿಡುತ್ತದೆ. ಪಂಪಿನ ಎಳೆಯುವ ಬಾಯಿಯಿಂದ ಹೋಸ್ ಕಳಚಿ, ಬಾಯಿಯನ್ನು ರಬ್ಬರ್ ಬಿರಡೆಯಿಂದ ಮುಚ್ಚಿ ಮತ್ತೆ ಮುಚ್ಚಳ ಇಟ್ಟು ನೋಡಿ. ಈ ಪರೀಕ್ಷೆ ನಿಂತ ಗಾಡಿಯಲ್ಲೇ ಮಾಡಬೇಕು, ಬ್ರೇಕ್ ಬೂಸ್ಟರ್ ಇಲ್ಲದೆ ರಸ್ತೆಗೆ ಇಳಿಸಬಾರದು. ಇಲ್ಲಿ ವ್ಯತ್ಯಾಸ ಬರಲಿಲ್ಲ.

ಎರಡು, ಟರ್ಬೊ. ಸೀಲ್ ಹೋಗಿದ್ದರೆ ಸೈಲೆನ್ಸರ್ ಕಡೆಯ ಗಾಳಿ ಆಯಿಲ್ ಇಳಿಯುವ ಪೈಪಿನಲ್ಲಿ ಕೆಳಗೆ ಬರುತ್ತದೆ. ಏರ್ ಫಿಲ್ಟರ್ ಕಡೆಯ ಹೋಸ್ ಬಿಚ್ಚಿ ಶಾಫ್ಟನ್ನು ಬೆರಳಲ್ಲಿ ಹಿಡಿದು ಆಡಿಸಿದಾಗ ಪಕ್ಕಕ್ಕೆ ಸ್ವಲ್ಪ ಆಟ ಇರುವುದು ಸಹಜ, ಹಿಂದೆ ಮುಂದೆ ಆಟ ಕೈಗೆ ಗೊತ್ತಾಗಬಾರದು. ಇಲ್ಲಿ ಗೊತ್ತಾಯಿತು.

ಅದಕ್ಕಿಂತ ಮುಖ್ಯವಾದದ್ದು ಸಿಕ್ಕಿದ್ದೂ ಅದೇ ಜಾಗದಲ್ಲಿ. ಫಿಲ್ಟರ್‌ನಿಂದ ಟರ್ಬೊಗೆ ಹೋಗುವ ರಬ್ಬರ್ ಹೋಸಿನ ತಳಭಾಗದಲ್ಲಿ, ಕ್ಲಾಂಪ್ ಪಕ್ಕದಲ್ಲೇ, ಎರಡು ಇಂಚು ಉದ್ದದ ಸೀಳು. ಮೇಲಿನಿಂದ ಕಾಣುವುದಿಲ್ಲ, ಹೋಸ್ ಮಡಚಿದರೆ ಮಾತ್ರ ಬಾಯಿ ಬಿಡುತ್ತದೆ. ಒಳಗೆ ಬಿಳಿ ಬಟ್ಟೆ ಆಡಿಸಿದರೆ ಸೀಳಿನಿಂದ ಟರ್ಬೊವರೆಗೆ ಬೂದು ಬಣ್ಣದ ಕಲ್ಲುಪುಡಿ, ಸೀಳಿನಿಂದ ಫಿಲ್ಟರ್ ಕಡೆಗೆ ಬಟ್ಟೆ ಸ್ವಚ್ಛ. ಟರ್ಬೊ ಚಕ್ರದ ರೆಕ್ಕೆಗಳ ಅಂಚು ಮರಳು ಹೊಡೆದಂತೆ ಮೊಂಡಾಗಿದೆ. ಅಂದರೆ ಫಿಲ್ಟರ್ ಎಷ್ಟು ಸಲ ಬದಲಿಸಿದ್ದರೂ ಲಾಭವಾಗಿಲ್ಲ, ಎಂಜಿನ್ ಕ್ರಷರ್ ಧೂಳನ್ನು ನೇರವಾಗಿ ಉಸಿರಾಡಿದೆ. ಎಂಜಿನ್ ಕೆಟ್ಟಿದ್ದಕ್ಕೆ ಕಾರಣ ಇದು. ಈ ಹೋಸನ್ನು ಹಾಗೇ ಬಿಟ್ಟು ಹೊಸ ಲೈನರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಕೊಳವೆ) ಹಾಕಿದ್ದರೆ ಅದೂ ಇದೇ ದಾರಿ ಹಿಡಿಯುತ್ತಿತ್ತು.

ಹಂತ 2: ಕಂಪ್ರೆಷನ್

ಪೆಟ್ರೋಲ್ ಗಾಡಿಯ 300 ಪಿಎಸ್‌ಐ ಗೇಜ್ ಇಲ್ಲಿ ಕೆಲಸಕ್ಕೆ ಬಾರದು. ಡೀಸೆಲ್‌ಗೆಂದೇ ಬರುವ 1000 ಪಿಎಸ್‌ಐ ಗೇಜ್, ನಾಝಲ್ (ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಭಾಗ) ಜಾಗಕ್ಕೆ ಕೂರುವ ಅಡಾಪ್ಟರ್ ಬೇಕು. ನಾಲ್ಕೂ ನಾಝಲ್ ತೆಗೆದು, ಡೀಸೆಲ್ ಕಟ್ ಮಾಡಿ, ಬ್ಯಾಟರಿ ಪೂರ್ತಿ ಚಾರ್ಜ್ ಇರುವಾಗ ಬಿಸಿ ಎಂಜಿನ್ ಮೇಲೆ ಹಿಡಿದದ್ದು:

1ನೇದು 365, 2ನೇದು 350, 3ನೇದು 235, 4ನೇದು 345 ಪಿಎಸ್‌ಐ.

ಸಿಲಿಂಡರ್ ಸಿಲಿಂಡರಿಗೆ 10–15 ಶೇಕಡಾ ವ್ಯತ್ಯಾಸ ಸಹಿಸಬಹುದು. 3ನೇದು ಸತ್ತಿದೆ. ಉಳಿದವೂ ಹೊಸ ಎಂಜಿನ್ನಿನ ಲೆಕ್ಕದಲ್ಲಿ ಇಳಿದಿವೆ.

ಪೆಟ್ರೋಲ್ ಗಾಡಿಗೆ ಮಾಡುವಂತೆ ಆಯಿಲ್ ಸುರಿದು ಮತ್ತೆ ಗೇಜ್ ಹಿಡಿಯುವ ಅಭ್ಯಾಸವನ್ನು ಇಲ್ಲಿಗೆ ತರಬೇಡಿ. ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಉಳಿಯುವ ಜಾಗ ತೀರಾ ಕಡಿಮೆ, ಆಯಿಲ್ ಹೆಚ್ಚಾದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಬದಲಿಗೆ ಗಾಳಿ ಬಿಟ್ಟು ಕೇಳುವುದು ಸುರಕ್ಷಿತ. 3ನೇ ಪಿಸ್ಟನ್ನನ್ನು ಕಂಪ್ರೆಷನ್ನಿನ ಮೇಲ್ತುದಿಗೆ ತಂದು, ಟಾಪ್ ಗೇರ್ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು ಕಂಪ್ರೆಸರ್‌ನಿಂದ 5–6 ಕೆ.ಜಿ. (ಚದರ ಸೆಂ.ಮೀ.ಗೆ) ಒತ್ತಡದ ಗಾಳಿ ಬಿಡಿ. ಪಿಸ್ಟನ್ ಒಂದಿಷ್ಟು ಆಚೀಚೆ ಇದ್ದರೂ ಎಂಜಿನ್ ತಿರುಗಿಬಿಡುತ್ತದೆ, ಫ್ಯಾನ್ ಹತ್ತಿರ ಕೈ ಇರಬಾರದು. ಗಾಳಿ ಏರ್ ಫಿಲ್ಟರ್ ಕಡೆ ಬುಸುಗುಟ್ಟಿದರೆ ಇನ್‌ಲೆಟ್ ವಾಲ್ವ್, ಸೈಲೆನ್ಸರ್‌ನಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್, ರೇಡಿಯೇಟರ್‌ನಲ್ಲಿ ಗುಳ್ಳೆ ಬಂದರೆ ಗ್ಯಾಸ್ಕೆಟ್ ಅಥವಾ ಬಿರುಕು, ಆಯಿಲ್ ಬಾಯಿಯಲ್ಲಿ ಬಂದರೆ ರಿಂಗ್ ಅಥವಾ ಪಿಸ್ಟನ್. ಇಲ್ಲಿ ಪೂರಾ ಆಯಿಲ್ ಬಾಯಿಯಲ್ಲೇ ಬಂತು. ಬರೀ ಹೆಡ್ ಕೆಲಸಕ್ಕೆ ಮುಗಿಯುತ್ತದೆ ಎನ್ನುವ ಆಸೆ ಇಲ್ಲಿಗೆ ಬಿಟ್ಟಿತು.

ಹಂತ 3: ಆಯಿಲ್ ಪ್ರೆಷರ್, ಚೇಂಬರ್

ಡ್ಯಾಶ್‌ಬೋರ್ಡಿನ ಲೈಟ್ ನಂಬಿ ಕೂರುವುದು ಬೇಡ, ಪ್ರೆಷರ್ ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಗೇಜ್ ಹಾಕಬೇಕು. ಬಿಸಿ ಎಂಜಿನ್, ಐಡಲ್‌ನಲ್ಲಿ 0.6 ಕೆ.ಜಿ., 2000 ಆರ್‌ಪಿಎಂನಲ್ಲಿ 1.9. ಐಡಲ್‌ನಲ್ಲಿ 1ಕ್ಕಿಂತ ಮೇಲೆ, 2000ದಲ್ಲಿ 3ಕ್ಕಿಂತ ಮೇಲೆ ಇದ್ದರೆ ಬೇರಿಂಗ್ ಬಗ್ಗೆ ಅನುಮಾನ ಪಡಬೇಕಿರಲಿಲ್ಲ.

ಆದರೆ ಪ್ರೆಷರ್ ಕಡಿಮೆ ಎಂದ ಮಾತ್ರಕ್ಕೆ ಕ್ರ್ಯಾಂಕಿನ ಮೇಲೆ ತಪ್ಪು ಹೊರಿಸಬಾರದು. ಚೇಂಬರ್ ಇಳಿಸಿದಾಗ ಸ್ಟ್ರೈನರ್ ಜಾಲರಿಗೆ ಸಿಲಿಕಾನ್ ಪೇಸ್ಟಿನ ಹುಳುಗಳು ಅಂಟಿಕೊಂಡಿದ್ದವು, ಸುಮಾರು ಮೂರನೇ ಒಂದು ಭಾಗ ಮುಚ್ಚಿತ್ತು. ಹಿಂದಿನ ಸಲ ಚೇಂಬರ್ ಗ್ಯಾಸ್ಕೆಟ್‌ಗೆ ಎರಡೂ ಕಡೆ ದಪ್ಪನಾಗಿ ಪೇಸ್ಟ್ ಬಳಿದಿದ್ದಾರೆ, ಬಿಗಿ ಮಾಡಿದಾಗ ಹೊರಗೆ ಬಂದಷ್ಟೇ ಒಳಗೂ ಹೋಗಿದೆ. ಜಾಲರಿ ತೊಳೆದು, ಚೇಂಬರ್ ಕೂರಿಸಿ ಮತ್ತೆ ಹಿಡಿದಾಗ 0.8 ಮತ್ತು 2.3. ಸುಧಾರಿಸಿತು, ಸಾಲಲಿಲ್ಲ. ಉಳಿದ ಕೊರತೆ ಬೇರಿಂಗ್ ಅಥವಾ ಆಯಿಲ್ ಪಂಪಿನದು.

ಹಳೆಯ ಆಯಿಲ್ ಫಿಲ್ಟರನ್ನು ಗರಗಸದಿಂದ ಕೊಯ್ಯಬೇಡಿ, ಗರಗಸದ ಪುಡಿಯೇ ಒಳಗೆ ಬಿದ್ದು ಲೆಕ್ಕ ತಪ್ಪುತ್ತದೆ. ತಗಡು ಕತ್ತರಿಯಿಂದ ಬಿಡಿಸಿ, ಕಾಗದವನ್ನು ಹಿಂಡಿ ಬಿಸಿಲಿಗೆ ಹಿಡಿದು ನೋಡಿ. ಇಲ್ಲಿ ಸಣ್ಣ ಹೊಳಪಿನ ಚೂರು ಇತ್ತು. ಅಯಸ್ಕಾಂತಕ್ಕೆ ಅಂಟದ್ದೇ ಹೆಚ್ಚು, ಅಂದರೆ ಬೇರಿಂಗ್ ಅಥವಾ ಪಿಸ್ಟನ್ನಿನ ಲೋಹ.

ಹಂತ 4: ಹೆಡ್ ಇಳಿಸಿ ಅಳತೆ

ತೀರ್ಮಾನ ಆಗುವುದು ಈ ಹಂತದಲ್ಲಿ, ಹಾಗಾಗಿ ಸಮಯ ಕೊಡಬೇಕಾದದ್ದೂ ಇಲ್ಲೇ.

ಹೆಡ್ ಎತ್ತಿದ ಕೂಡಲೇ ಬೆರಳಿಗೆ ಸಿಗುವುದು ಲೈನರ್ ಮೇಲ್ತುದಿಯ ಮೆಟ್ಟಿಲು. ಮೇಲಿನ ರಿಂಗ್ ಎಲ್ಲಿಯವರೆಗೆ ಬರುತ್ತದೋ ಅದಕ್ಕಿಂತ ಮೇಲೆ ಲೈನರ್ ಸವೆಯುವುದಿಲ್ಲ, ಕೆಳಗೆ ಸವೆಯುತ್ತದೆ, ನಡುವೆ ಒಂದು ಅಂಚು ಉಳಿಯುತ್ತದೆ. ಇಲ್ಲಿ ನಾಲ್ಕರಲ್ಲೂ ಉಗುರು ಸಿಕ್ಕಿಕೊಳ್ಳುವಷ್ಟು ಅಂಚು. ಹಿಂದಿನ ಸಲ ಈ ಮೆಟ್ಟಿಲು ತೆಗೆಯದೆ ಹೊಸ ರಿಂಗ್ ಹಾಕಿದ್ದಾರೆ. ಹಳೆಯ ರಿಂಗ್ ಸವೆದು ಗುಂಡಾದ ಮೂಲೆಯಿಂದ ಆ ಅಂಚನ್ನು ಸವರಿಕೊಂಡು ಹೋಗುತ್ತಿತ್ತು, ಹೊಸ ರಿಂಗಿನ ಚೂಪು ಮೂಲೆ ಪ್ರತಿ ಸುತ್ತಿಗೂ ಅದಕ್ಕೆ ಗುದ್ದಿದೆ. 3ನೇ ಪಿಸ್ಟನ್ ಹೊರಗೆ ತೆಗೆದಾಗ ಮೇಲಿನ ರಿಂಗ್ ಮೂರು ತುಂಡು, ಪಿಸ್ಟನ್ನಿನಲ್ಲಿ ರಿಂಗ್ ಕೂರುವ ಕೊರಕಲಿನ ಅಂಚು ಒಡೆದು ಹೋಗಿದೆ, ಲೈನರ್ ಮೇಲೆ ಉದ್ದುದ್ದ ಗೀರು. 235 ಪಿಎಸ್‌ಐಗೆ ಕಾರಣ ಇದು. ಜೊತೆಗೆ ಎಲ್ಲ ಲೈನರಿಗೂ ಎಮರಿ ಕಾಗದ ಉಜ್ಜಿದ ಗುರುತಿದೆ. ಎಮರಿಯ ಪುಡಿ ಲೋಹದಲ್ಲಿ ಹುದುಗಿ ಕೂರುತ್ತದೆ, ಡೀಸೆಲ್‌ನಲ್ಲಿ ತೊಳೆದರೆ ಹೋಗುವುದಿಲ್ಲ.

ಬೋರ್ ಗೇಜಿನಲ್ಲಿ, ಮೇಲಿನ ರಿಂಗ್ ತಿರುಗುವ ಜಾಗದಲ್ಲಿ ಹಿಡಿದ ಅಳತೆ: 1ನೇದು 89.08, 2ನೇದು 89.10, 3ನೇದು 89.21, 4ನೇದು 89.11 ಮಿ.ಮೀ. ಕೆಳತುದಿಯಲ್ಲಿ ಎಲ್ಲವೂ 88.93ರ ಆಸುಪಾಸು. ಮೇಲೆ ಹೆಚ್ಚು, ಕೆಳಗೆ ಏನೂ ಇಲ್ಲ ಎನ್ನುವಂಥ ಸವೆತ ಗಾಳಿಯಲ್ಲಿ ಬಂದ ಧೂಳಿನ ಲಕ್ಷಣ. ಧೂಳು ಆಯಿಲ್ ಮೂಲಕ ಬಂದಿದ್ದರೆ ಆಯಿಲ್ ರಿಂಗ್ ಮತ್ತು ಬೇರಿಂಗ್ ಮೊದಲು ಕೆಡುತ್ತಿದ್ದವು. ಹೋಸಿನ ಸೀಳಿಗೂ ಈ ಅಂಕಿಗೂ ತಾಳೆ ಆಗುತ್ತದೆ.

ಬೋರ್ ಗೇಜ್ ಇಲ್ಲದವರು ಬರೀ ಫೀಲರ್ ಗೇಜಿನಲ್ಲೂ (ಸಂದು ಅಳೆಯುವ ತೆಳು ಪಟ್ಟಿಗಳು) ತೀರ್ಮಾನಕ್ಕೆ ಬರಬಹುದು. ಒಂದು ಹೊಸ ರಿಂಗ್ ಕೊಂಡು, ಪಿಸ್ಟನ್ನಿನಿಂದ ನೇರವಾಗಿ ತಳ್ಳಿ, ಸವೆತ ಜಾಸ್ತಿ ಇರುವ ಜಾಗದಲ್ಲಿ ನಿಲ್ಲಿಸಿ ರಿಂಗಿನ ಎರಡು ತುದಿಗಳ ನಡುವಿನ ಗ್ಯಾಪ್ ಅಳೆಯಿರಿ. ಬೋರ್ 0.1 ಮಿ.ಮೀ. ಅಗಲವಾದರೆ ಗ್ಯಾಪ್ 0.31 ಮಿ.ಮೀ. ಹೆಚ್ಚುತ್ತದೆ. ಸರಿಯಾದ ಬೋರಿನಲ್ಲಿ 0.40 ಗ್ಯಾಪ್ ತೋರಿಸುವ ಹೊಸ ರಿಂಗ್ 3ನೇ ಸಿಲಿಂಡರಿನಲ್ಲಿ 1.35 ದಾಟುತ್ತದೆ, ಉಳಿದವುಗಳಲ್ಲಿ 1 ಮಿ.ಮೀ. ಆಜುಬಾಜು. ಹೊಸ ರಿಂಗಿಗೇ ಇಷ್ಟು ಬಾಯಿ ಇದ್ದರೆ ಅದನ್ನು ಹಾಕಿಸಿ ಫಲವಿಲ್ಲ. ಈ ಸೈಜಿನ ಬೋರಿಗೆ ಸವೆತ 0.15 ದಾಟಿದರೆ ಲೈನರ್ ಬದಲಿಸುವುದೇ ಸರಿ.

‘3ನೇದಕ್ಕೆ ಮಾತ್ರ ಲೈನರ್ ಹಾಕೋಣ’ ಎನ್ನುವ ಮಾತೂ ಬರುತ್ತದೆ. ಉಳಿದವು 0.05ರೊಳಗೆ ಇದ್ದಿದ್ದರೆ ಒಪ್ಪಬಹುದಿತ್ತು, ಇಲ್ಲಿ ಅವೂ 0.18–0.21 ಸವೆದಿವೆ.

ಕ್ರ್ಯಾಂಕ್: ಪ್ರತಿ ಪಿನ್ನನ್ನೂ ಮೈಕ್ರೋಮೀಟರಿನಲ್ಲಿ ಅಡ್ಡ, ಉದ್ದ ಎರಡು ದಿಕ್ಕಿನಲ್ಲಿ ಹಿಡಿಯಬೇಕು. ಬಿಗ್ ಎಂಡ್ ಪಿನ್‌ಗಳ (ಕನೆಕ್ಟಿಂಗ್ ರಾಡ್ ಕೂರುವ ಜಾಗ) ಅಂಡಾಕಾರ 0.04, 0.05, 0.08, 0.04. ಮಿತಿ 0.05. 3ನೇ ಪಿನ್ನಿನ ಮೇಲೆ ಉಗುರಿಗೆ ಸಿಗುವ ಗೀರು. ಮೇನ್ ಜರ್ನಲ್‌ಗಳು (ಕ್ರ್ಯಾಂಕ್ ಬ್ಲಾಕಿನಲ್ಲಿ ಕೂರುವ ಜಾಗ) 0.02–0.03, ಪಾಲಿಶ್ ಸಾಕು. ಹೆಡ್ಡಿನ ಮೇಲೆ ಸ್ಟೀಲ್ ಪಟ್ಟಿ ಇಟ್ಟು ಫೀಲರ್ ತೂರಿಸಿದರೆ ಮಧ್ಯದಲ್ಲಿ 0.12, ಅಂದರೆ ಫೇಸಿಂಗ್ (ಮೇಲ್ಮೈ ಸಮ ಮಾಡುವುದು) ಬೇಕು. ವಾಲ್ವ್ ಸೀಟುಗಳ ನಡುವೆ ಕಣ್ಣಿಗೆ ಬಿರುಕು ಕಾಣಲಿಲ್ಲ, ಆದರೂ ಪ್ರೆಷರ್ ಟೆಸ್ಟ್ ಮಾಡಿಸದೆ ನಂಬುವುದಿಲ್ಲ.

ಹಂತ 5: ಲೆಕ್ಕ

ರಿಂಗ್, ಬೇರಿಂಗ್ ಮಾತ್ರ, ಎಂಜಿನ್ ಗಾಡಿಯಲ್ಲೇ ಇಟ್ಟು: ರಿಂಗ್ 2,800, ಬೇರಿಂಗ್ 3,400, ಗ್ಯಾಸ್ಕೆಟ್ 1,800, ಆಯಿಲ್ ಮತ್ತು ಫಿಲ್ಟರ್ 3,100, ಕೂಲಿ 7,000. ಒಟ್ಟು ₹18,100. ಅಂಡಾಕಾರದ ಪಿನ್ನಿಗೆ ಹೊಸ ಬೇರಿಂಗ್, ಸವೆದ ಲೈನರಿಗೆ ಹೊಸ ರಿಂಗ್. ಹಿಂದೆ ಮಾಡಿದ್ದೂ ಇದೇ, ಅದರ ಫಲ ಮೇಜಿನ ಮೇಲಿದೆ. ಮಾರುವ ಉದ್ದೇಶದಿಂದ ಹೊಗೆ ನಿಲ್ಲಿಸುವವರು ಈ ಕೆಲಸ ಕೇಳುತ್ತಾರೆ, ಓಡಿಸುವವರು ಕೇಳಬಾರದು.

ಸೆಕೆಂಡ್ ಹ್ಯಾಂಡ್ ಎಂಜಿನ್: ಬೆಂಗಳೂರಿನ ಶಿವಾಜಿನಗರದ ಗುಜರಿ ಕಡೆ ವಿಚಾರಿಸಿದಾಗ ₹45,000ದಿಂದ ಮೇಲೆ, ಇಳಿಸಿ ಏರಿಸಲು 8,000, ಸೀಲ್, ಆಯಿಲ್, ಕೂಲೆಂಟ್ ಬೇರೆ. ಎರಡು ದಿನದಲ್ಲಿ ಗಾಡಿ ರಸ್ತೆಗೆ ಬರುತ್ತದೆ ಎನ್ನುವುದೊಂದೇ ಇದರ ಬಲ, ಬಾಡಿಗೆ ಓಡಿಸುವವರಿಗೆ ಅದು ಸಣ್ಣ ಮಾತಲ್ಲ. ಆದರೆ ಚೇಂಬರ್ ಇಳಿಸಿ ಒಂದು ಬೇರಿಂಗ್ ಕ್ಯಾಪ್ ಬಿಚ್ಚಿ ನೋಡಲು ಬಿಡದ ಕಡೆ ದುಡ್ಡು ಕೊಡಬಾರದು. ಬ್ಲಾಕ್ ಬದಲಾದರೆ ಎಂಜಿನ್ ನಂಬರ್ ಬದಲಾಗುತ್ತದೆ, ಆರ್‌ಟಿಒದಲ್ಲಿ ಆರ್‌ಸಿ ತಿದ್ದಿಸಬೇಕು. ಅದಕ್ಕೆ ಬಿಲ್ ಬೇಕು, ಆ ಎಂಜಿನ್ ಯಾವ ಗಾಡಿಯದು ಎನ್ನುವ ಕಾಗದ ಬೇಕು. ಎಫ್‌ಸಿಗೆ ಹೋದಾಗ ಅಥವಾ ಇನ್ಶೂರೆನ್ಸ್ ಕ್ಲೇಮ್ ಹಾಕಿದಾಗ ನಂಬರ್ ತಾಳೆ ಆಗದಿದ್ದರೆ ತಲೆನೋವು.

ಫುಲ್ ಕೆಲಸ, ಎಂಜಿನ್ ಇಳಿಸಿ:

- ಲೈನರ್, ಪಿಸ್ಟನ್, ರಿಂಗ್ ಕಿಟ್, ನಾಲ್ಕು: 12,800
- ಬೇರಿಂಗ್ ಸೆಟ್‌ಗಳು, ಥ್ರಸ್ಟ್ ವಾಷರ್: 3,400
- ಫುಲ್ ಗ್ಯಾಸ್ಕೆಟ್ ಸೆಟ್, ಸೀಲ್: 3,600
- ಆಯಿಲ್ ಪಂಪ್: 2,400
- ಲೇತ್ ಕೆಲಸ ಎಲ್ಲ ಸೇರಿ: 11,600
- ನಾಝಲ್ ನಾಲ್ಕು, ಡೀಸೆಲ್ ಪಂಪ್ ಕ್ಯಾಲಿಬ್ರೇಷನ್: 9,500
- ಟರ್ಬೊ ಒಳಭಾಗ: 7,500
- ಆಯಿಲ್ ಎರಡು ಸಲಕ್ಕೆ, ಫಿಲ್ಟರ್‌ಗಳು, ಕೂಲೆಂಟ್: 6,200
- ಏರ್ ಹೋಸ್, ಕ್ಲಾಂಪ್, ಏರ್ ಫಿಲ್ಟರ್: 1,900
- ಕೂಲಿ: 14,000

ಒಟ್ಟು ₹72,900. ಊರಿಂದ ಊರಿಗೆ, ಕಂಪನಿಯಿಂದ ಕಂಪನಿಗೆ ದರ ಬದಲಾಗುತ್ತದೆ. ಕ್ಲಚ್ ಪ್ಲೇಟ್ ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಎಂಜಿನ್ ಕೆಳಗಿರುವಾಗಲೇ ಹಾಕುವುದು ಲೇಸು, ಇಲ್ಲದಿದ್ದರೆ ಗೇರ್‌ಬಾಕ್ಸ್ ಇಳಿಸುವ ಕೂಲಿ ಮತ್ತೊಮ್ಮೆ ಬೀಳುತ್ತದೆ. ಇಲ್ಲಿ ಪ್ಲೇಟ್ ಚೆನ್ನಾಗಿತ್ತು, ಬಿಟ್ಟಿದ್ದು.

ಆಯ್ಕೆ: ಫುಲ್ ಕೆಲಸ. ಬ್ಲಾಕ್ ಗಟ್ಟಿ, ಕ್ರ್ಯಾಂಕ್ ಮೊದಲ ಗ್ರೈಂಡಿಂಗ್‌ನಲ್ಲೇ ಶುದ್ಧವಾಗುತ್ತದೆ, ಕೆಟ್ಟ ಕಾರಣ ಗೊತ್ತಿದೆ, ಎಂಜಿನ್ ನಂಬರ್ ಹಾಗೇ ಉಳಿಯುತ್ತದೆ. ಕ್ರ್ಯಾಂಕ್ ಈಗಾಗಲೇ ಎರಡು ಮೂರು ಸೈಜ್ ಇಳಿದಿದ್ದರೆ ಅಥವಾ ಬ್ಲಾಕಿನಲ್ಲಿ ಬಿರುಕಿದ್ದರೆ ಇದೇ ಲೆಕ್ಕ ಗುಜರಿ ಎಂಜಿನ್ ಕಡೆ ವಾಲುತ್ತಿತ್ತು. ಕಾಮನ್ ರೈಲ್ ಗಾಡಿಯಾದರೆ ಇಂಜೆಕ್ಟರ್‌ಗಳನ್ನು ಟೆಸ್ಟ್ ಬೆಂಚಿಗೆ ಹಾಕಿಸಿ ಅದರ ಬೆಲೆ ತಿಳಿದ ಮೇಲೆಯೇ ಎಂಜಿನ್ ಖರ್ಚಿನ ಮಾತು. ಎಷ್ಟೋ ಸಲ ಆ ನಾಲ್ಕರ ಬೆಲೆ ಲೈನರ್ ಕಿಟ್ಟನ್ನು ಮೀರುತ್ತದೆ.

ಹಂತ 6: ಲೇತ್‌ಗೆ ಕೊಡುವಾಗ

ಬಾಯಿಮಾತಿನಲ್ಲಿ ಹೇಳಿ ಬರಬೇಡಿ, ಚೀಟಿ ಬರೆದು ಕೊಡಿ. ಈ ಕೆಲಸಕ್ಕೆ ಬರೆದದ್ದು ಇಷ್ಟು: ಬಿಗ್ ಎಂಡ್ ನಾಲ್ಕೂ 0.25 ಮಿ.ಮೀ., ಅಂದರೆ ಲೇತ್‌ನವರ ಭಾಷೆಯಲ್ಲಿ ಹತ್ತು ಸೈಜ್. ಮೇನ್ ಪಾಲಿಶ್ ಮಾತ್ರ. ಗ್ರೈಂಡ್ ಮಾಡುವ ಮೊದಲು ಬಿರುಕು ಪರೀಕ್ಷೆ. ಪಿನ್ನಿನ ಎರಡೂ ಬದಿಯ ಮೂಲೆಯ ದುಂಡು ಉಳಿಸಬೇಕು. ಕೊನೆಯದನ್ನು ಒತ್ತಿ ಹೇಳಲೇಬೇಕು. ಗ್ರೈಂಡಿಂಗ್ ಕಲ್ಲಿನ ಅಂಚನ್ನು ಸರಿಯಾಗಿ ತಿದ್ದದೆ (ಡ್ರೆಸ್ ಮಾಡದೆ) ಗ್ರೈಂಡ್ ಮಾಡಿದರೆ ಮೂಲೆ ಚೂಪಾಗುತ್ತದೆ, ಲೋಡಿನಲ್ಲಿ ಕ್ರ್ಯಾಂಕ್ ತುಂಡಾಗುವುದು ಆ ಮೂಲೆಯಿಂದಲೇ.

ಪಿಸ್ಟನ್‌ಗಳನ್ನು ಕೊಂಡು ಲೇತ್‌ಗೆ ಕೊಟ್ಟ ಮೇಲೆಯೇ ಬೋರಿಂಗ್ ಆಗಬೇಕು. ಪ್ರತಿ ಬೋರನ್ನೂ ಅದರದೇ ಪಿಸ್ಟನ್ ಅಳತೆಗೆ ಹೋನ್ ಮಾಡಿಸಿ (ಕಲ್ಲಿನಿಂದ ಕೊನೆಯ ಉಜ್ಜು) ನಂಬರ್ ಹಾಕಿಸಿ. ರಾಡ್‌ಗಳ ಬೆಂಡ್, ಸ್ಮಾಲ್ ಎಂಡ್ ಬುಷ್, ಬಿಗ್ ಎಂಡ್ ಗುಂಡು ಮೂರೂ ನೋಡಬೇಕು. 3ನೇ ರಾಡ್ ಬಾಗಿರಲಿಲ್ಲ, ಬುಷ್ ಮಾತ್ರ ಹೋಗಿತ್ತು. ಹೆಡ್ ಪ್ರೆಷರ್ ಟೆಸ್ಟ್‌ನಲ್ಲಿ ಪಾಸಾಯಿತು. ನಾಝಲ್ ಬೆಂಚಿನಲ್ಲಿ 3ನೇದು ಹನಿ ಬಿಡುತ್ತಿತ್ತು.

ಬ್ಲಾಕ್ ಬಂದ ಮೇಲೆ ಆಯಿಲ್ ದಾರಿಯ ಪ್ಲಗ್‌ಗಳನ್ನು ತೆಗೆದು ಉದ್ದ ಬ್ರಷ್ ಹಾಕಿ ಉಜ್ಜಬೇಕು. ಬೋರುಗಳನ್ನು ಬಿಸಿನೀರು, ಸೋಪಿನ ಪುಡಿಯಲ್ಲಿ ತೊಳೆಯಿರಿ. ಡೀಸೆಲ್ ಅಥವಾ ಸೀಮೆಎಣ್ಣೆ ಹೋನಿಂಗ್ ಪುಡಿಯನ್ನು ಹರಡುತ್ತದೆಯೇ ಹೊರತು ಎತ್ತುವುದಿಲ್ಲ. ಒಣಗಿದ ಮೇಲೆ ಆಯಿಲ್ ಹಚ್ಚಿದ ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿ, ಬೂದು ಬಣ್ಣ ಕಂಡರೆ ಮತ್ತೆ ತೊಳೆಯಿರಿ. ಇಲ್ಲಿ ಮೂರನೇ ತೊಳೆತಕ್ಕೆ ಬಟ್ಟೆ ಬೆಳ್ಳಗೆ ಬಂತು. ಬೇರಿಂಗ್ ಚೂರು ಓಡಾಡಿದ ಎಂಜಿನ್ನಿನ ಆಯಿಲ್ ಕೂಲರ್ ಒಳಗೂ ಚೂರು ಉಳಿದಿರುತ್ತದೆ, ಅದನ್ನೂ ಬಿಚ್ಚಿ ತೊಳೆಯಬೇಕು, ಪೂರ್ತಿ ಶುದ್ಧವಾಗದಿದ್ದರೆ ಹೊಸದು.

ಹಂತ 7: ಜೋಡಣೆ

ರಿಂಗ್ ಗ್ಯಾಪ್ ಹೊಸ ಬೋರಿನಲ್ಲಿ 0.38–0.42. ‘ಟಾಪ್’ ಎಂದು ಬರೆದ ಮುಖ ಮೇಲೆ, ಬಾಯಿಗಳು ಒಂದರ ಮೇಲೊಂದು ಬಾರದಂತೆ. ಬೇರಿಂಗ್ ಸಡಿಲವನ್ನು ಪ್ಲಾಸ್ಟಿಗೇಜಿನಲ್ಲಿ (ಒತ್ತಿ ಚಪ್ಪಟೆಯಾದಾಗ ಅಗಲ ನೋಡುವ ಪ್ಲಾಸ್ಟಿಕ್ ಎಳೆ) ನೋಡಿದಾಗ 0.05–0.07. ಹೆಡ್ ಬೋಲ್ಟನ್ನು ಮಧ್ಯದಿಂದ ಹೊರಕ್ಕೆ, ಮೂರು ಸಲದಲ್ಲಿ, ಮ್ಯಾನ್ಯುಯಲ್ ಹೇಳಿದ ಟಾರ್ಕಿಗೆ. ಟಾರ್ಕ್ ರೆಂಚ್ ಬದಲು ಕೈ ಅಂದಾಜು ನಂಬುವ ಕಡೆ ಈ ಕೆಲಸ ಕೊಡಲೇಬೇಡಿ. ಚೇಂಬರಿಗೆ ಪೇಸ್ಟ್ ಹಾಕಲೇಬೇಕೆಂದರೆ ಅಕ್ಕಿ ಕಾಳಿನಷ್ಟು ಸಣ್ಣ ಗೆರೆ ಸಾಕು.

ಸ್ಟಾರ್ಟ್ ಮಾಡುವ ಮೊದಲು ಟರ್ಬೊ ಆಯಿಲ್ ಬಾಯಿಗೆ ಆಯಿಲ್ ಸುರಿದು ಶಾಫ್ಟ್ ತಿರುಗಿಸಿ. ಡೀಸೆಲ್ ಕಟ್ ಇಟ್ಟು, ಗೇಜಿನಲ್ಲಿ ಪ್ರೆಷರ್ ಕಾಣುವವರೆಗೆ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯಿರಿ, ಒಂದೇ ಸಮನೆ ಹೊಡೆದರೆ ಸೆಲ್ಫ್ ಮೋಟಾರ್ ಸುಡುತ್ತದೆ.

ಬಿಸಿಯಾದ ಮೇಲೆ ಐಡಲ್‌ನಲ್ಲಿ 1.8 ಕೆ.ಜಿ., 2000ದಲ್ಲಿ 4.1. ಮುಚ್ಚಳ ತಲೆಕೆಳಗಾಗಿ ಇಟ್ಟರೆ ಕದಲಲಿಲ್ಲ.

ಹಂತ 8: ಮೊದಲ ಸಾವಿರ ಕಿಲೋಮೀಟರ್

ಹೊಸ ಎಂಜಿನ್ ಎಂದು ಗಂಟೆಗಟ್ಟಲೆ ಐಡಲ್‌ನಲ್ಲಿ ಬಿಡುವ ಪದ್ಧತಿ ಇದೆ, ಅದರಷ್ಟು ಕೆಟ್ಟದ್ದು ಬೇರಿಲ್ಲ. ರಿಂಗ್ ಕೂರಲು ಸಿಲಿಂಡರಿನಲ್ಲಿ ಒತ್ತಡ ಬೇಕು. ಐಡಲ್‌ನಲ್ಲಿ ಒತ್ತಡ ಸಾಲದೆ ಬೋರಿನ ಮೇಲ್ಮೈ ಕನ್ನಡಿಯಂತಾಗುತ್ತದೆ, ಆಮೇಲೆ ಆಯಿಲ್ ಕುಡಿಯುವುದು ನಿಲ್ಲುವುದೇ ಇಲ್ಲ. ಸೋರಿಕೆ ನೋಡಿಕೊಂಡು ಅರ್ಧ ಲೋಡಿನಲ್ಲಿ ರಸ್ತೆಗೆ ಇಳಿಸಿ, 1500ರಿಂದ 2200 ಆರ್‌ಪಿಎಂ ನಡುವೆ ಏರಿಳಿಸುತ್ತಾ ಓಡಿಸಿ. ಒಂದೇ ವೇಗ ಬೇಡ, ದೊಡ್ಡ ಗೇರಿನಲ್ಲಿ ಎಳೆಸುವುದೂ ಬೇಡ. ಸಾವಿರ ಕಿಲೋಮೀಟರ್‌ವರೆಗೆ ಓವರ್‌ಲೋಡ್ ಇಲ್ಲ.

500 ಕಿ.ಮೀ.ಗೆ ಆಯಿಲ್, ಫಿಲ್ಟರ್ ಬದಲಾವಣೆ, ಟ್ಯಾಪೆಟ್ (ವಾಲ್ವ್ ಸಂದು) ಹೊಂದಾಣಿಕೆ, ಮ್ಯಾನ್ಯುಯಲ್ ಹೇಳಿದ್ದರೆ ಹೆಡ್ ಬೋಲ್ಟ್ ಮತ್ತೆ ಟಾರ್ಕ್. ಹಳೆ ಫಿಲ್ಟರ್ ಕತ್ತರಿಸಿದಾಗ ಅಯಸ್ಕಾಂತಕ್ಕೆ ಅಂಟುವ ಸಣ್ಣ ಕಪ್ಪು ಪುಡಿ ಇತ್ತು, ಅದು ರಿಂಗ್ ಮತ್ತು ಲೈನರ್ ಹೊಂದಿಕೊಂಡ ಪುಡಿ, ಸಹಜ. ಹೊಳೆಯುವ ಪದರದಂಥ ಚೂರು ಇದ್ದಿದ್ದರೆ ಗಾಡಿ ಅಲ್ಲಿಗೇ ನಿಲ್ಲಿಸಿ ಚೇಂಬರ್ ಇಳಿಸಬೇಕಿತ್ತು. ಏರ್ ಹೋಸಿನ ಕ್ಲಾಂಪ್‌ಗಳನ್ನೂ ಅದೇ ದಿನ ಮತ್ತೊಮ್ಮೆ ಬಿಗಿ ಮಾಡಿ, ಒಳಗೆ ಬಿಳಿ ಬಟ್ಟೆ ಆಡಿಸಿ ನೋಡಲಾಯಿತು, ಧೂಳು ಇರಲಿಲ್ಲ. ಕ್ರಷರ್ ರಸ್ತೆಯಲ್ಲಿ ಓಡುವ ಗಾಡಿಗೆ ಈ ಪರೀಕ್ಷೆ ಪ್ರತಿ ಆಯಿಲ್ ಬದಲಾವಣೆಯ ಚೀಟಿಯಲ್ಲೂ ಬರೆದಿರಬೇಕು.